ಜಾವಾ ಪಂದ್ಯಯಂತ್ರವೂ ಅದರ ತಾಪವೂ

ಮೈಸೂರಿನಿಂದ ಬನ್ನೂರಿನ ಮಾರ್ಗವಾಗಿ ಮಳವಳ್ಳಿಗೆ ಬರುವ ರಸ್ತೆಯಲ್ಲಿ ಹಳೆಯ ಜಾವಾ ಮೋಟಾರು ಸೈಕಲ್ಲೊಂದು ನೀಲಿ ಹೊಗೆ ಬಿಡುತ್ತ ಸಾಗುವುದನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಅದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದುದು. 1960ರ ದಶಕದ ಆದಿಯಲ್ಲಿ ಕೆಲಸ ತೊಡಗಿದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದಕ್ಕೆ ವಿನ್ಯಾಸವನ್ನಿತ್ತ ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆ ಅದೇ ಕಾಲದಲ್ಲಿ ಗ್ರಾಂಡ್ ಪ್ರೀ ಪಂದ್ಯಗಳಲ್ಲಿಯೂ ಸೆಣಸುತ್ತಿದ್ದಿತು.

1961ರಲ್ಲಿ ಫ್ರಾಂಟಿಶೆಕ್ ಶ್ಟಾಸ್ಟ್ನಿ ಎಂಬ ಸವಾರರು 350 ಸಿ.ಸಿ. ವರ್ಗದಲ್ಲಿ ಎರಡು ಪಂದ್ಯಗಳನ್ನು ಗೆದ್ದು, ಜಾಗತಿಕ ಪಟ್ಟದ ಸ್ಪರ್ಧೆಯಲ್ಲಿ ಎರಡನೆಯವರಾದರು. ನಮ್ಮ ರಸ್ತೆಯ ಜಾವಾ ಎರಡು ಸ್ಟ್ರೋಕಿನದು. ಅವರ ಯಂತ್ರವಾದರೋ ನಾಲ್ಕು ಸ್ಟ್ರೋಕಿನದು. 1967ರಲ್ಲಿ ಸಂಸ್ಥೆಯು ಪಂದ್ಯಕ್ಕೂ ಎರಡು ಸ್ಟ್ರೋಕಿನ ಯಂತ್ರವನ್ನೇ ಇಳಿಸಿತು. ಇದರಲ್ಲಿ ನಾಲ್ಕು ಸಿಲಿಂಡರುಗಳು, ತಂಪಿಗೆ ನೀರು, ಸುಮಾರು 70 ಅಶ್ವಶಕ್ತಿ.

ಇಷ್ಟು ಬಲ ಎಲ್ಲಿಂದ ಬಂದಿತು? ನಾಲ್ಕು ಸ್ಟ್ರೋಕಿನ ಎಂಜಿನಿನಲ್ಲಿ ಅಚ್ಚು ಎರಡು ಸುತ್ತು ತಿರುಗಿದಾಗ ಒಮ್ಮೆ ಇಂಧನ ಉರಿಯುತ್ತದೆ. ಎರಡು ಸ್ಟ್ರೋಕಿನದರಲ್ಲಿ ಪ್ರತಿ ಸುತ್ತಿಗೂ ಉರಿಯುತ್ತದೆ. ನಿಮಿಷಕ್ಕೆ 13,000 ಸುತ್ತು ತಿರುಗಿದರೆ ಒಂದೊಂದು ಸಿಲಿಂಡರಿನಲ್ಲಿಯೂ ಸೆಕೆಂಡಿಗೆ ಇನ್ನೂರಕ್ಕೂ ಮಿಕ್ಕ ಸ್ಫೋಟಗಳಾಗುತ್ತವೆ. ಪಿಸ್ಟನ್ನಿಗೆ ಆರಲು ಬಿಡುವೇ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಅದಕ್ಕೂ ಸಿಲಿಂಡರಿನ ಗೋಡೆಗೂ ನಡುವಣ ತೆಳುಪೊರೆ. ತಾಪ ಮಿತಿಮೀರಿದರೆ ಅಲ್ಯುಮಿನಿಯಮ್ಮಿನ ಪಿಸ್ಟನ್ನು ಹಿಗ್ಗಿ, ಪೊರೆ ಹರಿದು, ಲೋಹಕ್ಕೆ ಲೋಹ ಕಚ್ಚಿಕೊಳ್ಳುತ್ತದೆ. ಇದನ್ನೇ ನಮ್ಮ ಮೆಕ್ಯಾನಿಕ್ಕುಗಳು ‘ಸೀಜ್ ಆಯಿತು’ ಎನ್ನುವುದು. ಆಗ ಸರಪಳಿಯ ಮೂಲಕ ಹಿಂದಿನ ಚಕ್ರವೂ ಸ್ತಂಭಿಸುತ್ತದೆ. ಕೂಡಲೇ ಕ್ಲಚ್ಚನ್ನು ಹಿಡಿಯದ ಸವಾರನು ಉರುಳುವನು. ಹಳ್ಳಿಯ ರಸ್ತೆಯ ವೇಗದಲ್ಲಿ ಮೊಣಕಾಲು ತರಚೀತು. ಪಂದ್ಯದ ವೇಗದಲ್ಲಿ ಪ್ರಾಣಕ್ಕೇ ಸಂಚಕಾರ.

1967ರಲ್ಲಿ 125 ಸಿ.ಸಿ. ವರ್ಗದ ಜಾಗತಿಕ ಪಟ್ಟವನ್ನು ಪಡೆದಿದ್ದ ಇಂಗ್ಲೆಂಡಿನ ಬಿಲ್ ಐವಿ 1969ರಲ್ಲಿ ಜಾವಾ ತಂಡವನ್ನು ಸೇರಿದರು. ಹಾಕೆನ್‌ಹೈಮ್ ಹಾಗೂ ಆಸೆನ್ ಪಂದ್ಯಗಳಲ್ಲಿ ಇಟಲಿಯ ಅಗೋಸ್ಟಿನಿಯವರ ಹಿಂದೆಯೇ ಎರಡನೆಯವರಾಗಿ ಬಂದರು. ಯಂತ್ರವು ವೇಗದಲ್ಲಿ ಸರಿಸಾಟಿಯೇ. ನಂಬಿಕೆಗೆ ಮಾತ್ರ ಅರ್ಹವಾಗಿರಲಿಲ್ಲ. ಜುಲೈ 12ರಂದು, ಪೂರ್ವ ಜರ್ಮನಿಯ ಸಾಕ್ಸೆನ್‌ರಿಂಗಿನಲ್ಲಿ ಅಭ್ಯಾಸ ನಡೆಸುತ್ತಿದ್ದಾಗ, ಎಂಜಿನು ಕಚ್ಚಿಕೊಂಡು ಐವಿ ಬಿದ್ದರು. ಆ ಗಾಯಗಳಿಂದಲೇ ಮಡಿದರು. ವಯಸ್ಸು 26.

ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಯುಗೊಸ್ಲಾವಿಯದ ಒಪಾಟಿಯದಲ್ಲಿ, ಇಟಲಿಯ ಸಿಲ್ವಿಯೊ ಗ್ರಾಸೆಟ್ಟಿ ಇದೇ ನಾಲ್ಕು ಸಿಲಿಂಡರಿನ ಜಾವಾದ ಮೇಲೆ ಗ್ರಾಂಡ್ ಪ್ರೀ ಒಂದನ್ನು ಗೆದ್ದರು. ಆ ವೇಳೆಗೆ ವರ್ಷದ ಪಟ್ಟವು ಅಗೋಸ್ಟಿನಿಯವರ ಪಾಲಾಗಿದ್ದಿತು.