ನಗೆಯ ಬೆನ್ನೇರಿದ ಶುಭಸಂದೇಶ

ಹತ್ತನೇ ತರಗತಿಯ ಹುಡುಗನೊಬ್ಬ ಮೊನ್ನೆ ಶಾಲೆ ಬಿಟ್ಟ ಮೇಲೆ ತಂದೆಯ ಮೊಬೈಲಿನಲ್ಲಿದ್ದ ಒಂದು ಚಿತ್ರ ತೋರಿಸಿದ. ಕಂದು ನಿಲುವಂಗಿಯ ಸಂತ ಅಂತೋಣಿಯವರು. ಕೆಳಗೆ ಒಂದೇ ಸಾಲು: ‘ಗಣಿತದಲ್ಲಿ ಕಳೆದುಹೋದ ನನ್ನ ಇಪ್ಪತ್ತು ಅಂಕ ಹುಡುಕಿಕೊಡಿ.’ ಕಳೆದ ವಸ್ತು ಸಿಗಲೆಂದು ಕಥೋಲಿಕರು ಮೊರೆಹೋಗುವುದು ಈ ಸಂತರಿಗೆ. ಗೊತ್ತಿದ್ದವರು ನಗುತ್ತಾರೆ, ಗೊತ್ತಿಲ್ಲದವರು ‘ಯಾರಿವರು?’ ಎನ್ನುತ್ತಾರೆ. ಪಕ್ಕದಲ್ಲಿದ್ದ ಗೆಳೆಯ ಕೇಳಿಯೇಬಿಟ್ಟ. 1231ರಲ್ಲಿ ಇಟಲಿಯ ಪದುವಾದಲ್ಲಿ ತೀರಿಕೊಂಡ ಸಂನ್ಯಾಸಿಯ ಕಥೆ ಎರಡೇ ನಿಮಿಷದಲ್ಲಿ ಅವನಿಗೂ ತಲುಪಿತು. ನಾನು ಪ್ರವಚನ ಮಾಡಿದ್ದರೆ ಇಬ್ಬರೂ ಬಸ್ ನೆಪ ಹೇಳಿ ಓಡುತ್ತಿದ್ದರು!

ಇಂಥ ಚಿತ್ರಗಳಿಗೆ ‘ಮೀಮ್’ ಎಂದು ಹೆಸರು. ಆ ಪದವನ್ನು 1976ರಲ್ಲಿ ‘ದಿ ಸೆಲ್ಫಿಶ್ ಜೀನ್’ ಪುಸ್ತಕದಲ್ಲಿ ಟಂಕಿಸಿದವರು ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್. ವಂಶವಾಹಿಗಳು ತಲೆಮಾರಿನಿಂದ ತಲೆಮಾರಿಗೆ ನಕಲಾಗುವಂತೆ ವಿಚಾರಗಳು, ರಾಗಗಳು ಮಿದುಳಿನಿಂದ ಮಿದುಳಿಗೆ ನಕಲಾಗುತ್ತವೆ ಎಂಬುದು ಅವರ ವಾದ. ಡಾಕಿನ್ಸ್ ದೇವರನ್ನು ನಂಬದವರು. ಅವರ ಪದವೇ ಇಂದು ಧರ್ಮಪ್ರಚಾರಕರ ಬಾಯಲ್ಲಿ!

ವ್ಯಾಟಿಕನ್ ಕೂಡ ಹಿಂದೆ ಬಿದ್ದಿಲ್ಲ. 2025ರ ಜ್ಯುಬಿಲಿ ವರ್ಷಕ್ಕಾಗಿ 2024ರ ಅಕ್ಟೋಬರಿನಲ್ಲಿ ‘ಲೂಚೆ’ ಎಂಬ ಕಾರ್ಟೂನ್ ಹುಡುಗಿಯನ್ನು ಅದು ಪರಿಚಯಿಸಿತು. ಇಟಾಲಿಯನ್ ಭಾಷೆಯಲ್ಲಿ ಲೂಚೆ ಎಂದರೆ ಬೆಳಕು. ಹಳದಿ ಮಳೆಯಂಗಿ, ಕೆಸರು ಮೆತ್ತಿದ ಬೂಟು, ಕೈಯಲ್ಲಿ ಯಾತ್ರಿಕನ ಊರುಗೋಲು, ಕಣ್ಣಲ್ಲಿ ಚಿಪ್ಪಿನಾಕಾರದ ಮಿಂಚು. ಜಪಾನಿನ ಅನಿಮೆ ಶೈಲಿಯಲ್ಲಿ ಇವಳನ್ನು ಬರೆದವರು ಇಟಲಿಯ ಕಲಾವಿದ ಸಿಮೋನೆ ಲೆನ್ಯೋ. ಪವಿತ್ರ ವರ್ಷಕ್ಕೆ ಬೊಂಬೆಯಾಟವೇ ಎಂದು ಮೂಗು ಮುರಿದವರಿದ್ದರು. ಆದರೆ ಜಾಲತಾಣಗಳ ಹುಡುಗರು ಕೆಲವೇ ದಿನಗಳಲ್ಲಿ ಲೂಚೆಯ ಮೇಲೆ ಲೆಕ್ಕವಿಲ್ಲದಷ್ಟು ಮೀಮ್ ಕಟ್ಟಿದರು. ನಗಲು ಬಂದವರು ಆ ಚಿಪ್ಪಿನ ಅರ್ಥ ಕೇಳುವಂತಾಯಿತು. ಅದು ಸ್ಪೇನಿನ ಸಾಂತಿಯಾಗೊ ಯಾತ್ರಿಕರ ಹಳೆಯ ಗುರುತು.

ನಗೆಯ ವಿಷಯದಲ್ಲಿ ಪೋಪ್ ಆಗಿದ್ದ ಫ್ರಾನ್ಸಿಸ್ ಉದಾರಿಯಾಗಿದ್ದರು. 2024ರ ಜೂನ್ 14ರಂದು ಅವರು ನೂರಕ್ಕೂ ಹೆಚ್ಚು ಹಾಸ್ಯ ಕಲಾವಿದರನ್ನು ವ್ಯಾಟಿಕನ್ನಿಗೆ ಕರೆಸಿ, ಪ್ರೀತಿಸುವವರೊಡನೆ ತಮಾಷೆ ಮಾಡುವಂತೆ ದೇವರೊಡನೆಯೂ ನಗಬಹುದು ಎಂದರು. ತಮ್ಮ ಬಗೆಗಿನ ಒಂದು ನಗೆಹನಿಯನ್ನು ಆತ್ಮಕಥೆಯಲ್ಲಿ ತಾವೇ ಹೇಳಿಕೊಂಡಿದ್ದಾರೆ. ಅಮೆರಿಕದಲ್ಲಿ ಪೋಪ್ ಚಾಲಕನನ್ನು ಹಿಂದೆ ಕೂರಿಸಿ ತಾವೇ ವೇಗವಾಗಿ ಕಾರು ಓಡಿಸುತ್ತಾರೆ. ತಡೆದ ಪೊಲೀಸನು ಗಾಬರಿಯಿಂದ ಮೇಲಧಿಕಾರಿಗೆ ಹೇಳುತ್ತಾನೆ: ‘ಒಳಗಿರುವ ದೊಡ್ಡ ಮನುಷ್ಯ ಯಾರೋ ಗೊತ್ತಿಲ್ಲ ಸಾರ್, ಆದರೆ ಡ್ರೈವರ್ ಮಾತ್ರ ಪೋಪ್!’

ಆದರೆ ವಿಜ್ಞಾನದ ಮೇಷ್ಟರಾದ ನನಗೆ ಒಂದು ಅಳುಕು. ನಿಸರ್ಗದಲ್ಲಿ ಉಳಿಯುವುದು ಹೆಚ್ಚು ನಕಲಾಗುವ ಜೀವಿ. ಮೀಮ್‌ಗಳಲ್ಲಿ ಉಳಿಯುವುದು ಹೆಚ್ಚು ನಗಿಸುವಂಥದ್ದು, ನಿಜವಾದದ್ದೇ ಆಗಬೇಕಿಲ್ಲ. 2023ರ ಮಾರ್ಚಿನಲ್ಲಿ ಇದೇ ಫ್ರಾನ್ಸಿಸರು ಉಬ್ಬಿದ ಬಿಳಿ ಜಾಕೆಟ್ ತೊಟ್ಟ ಚಿತ್ರ ಲೋಕವೆಲ್ಲ ಸುತ್ತಿತು. ಅದು ಕೃತಕ ಬುದ್ಧಿಮತ್ತೆ ಸೃಷ್ಟಿಸಿದ ಸುಳ್ಳು ಚಿತ್ರ. ಎಷ್ಟೋ ಜನ ನಂಬಿದರು. ಮರುವರ್ಷದ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ, ಇಂಥ ನಕಲಿ ಚಿತ್ರಗಳಿಗೆ ತಾವೂ ಗುರಿಯಾದುದನ್ನು ಅವರು ನೆನೆದರು. ಸಂತರ ಹೆಸರಿನಲ್ಲಿ ಅವರು ಆಡದ ಮಾತು, ಪೋಪರ ಮೈಮೇಲೆ ಅವರು ತೊಡದ ಬಟ್ಟೆ: ಶ್ರದ್ಧೆಯನ್ನು ಹಂಚಹೊರಟವರೇ ಇದನ್ನು ಹಂಚಿದರೆ ಮುಂದೆ ಅವರ ನಿಜವನ್ನು ನಂಬುವವರು ಯಾರು?

ನೋಯಿಸುವ ನಗೆಯ ಮಾತು ಬೇರೆಯೇ. ಅದಕ್ಕೆ ನನ್ನದೊಂದು ಸರಳ ಪರೀಕ್ಷೆ: ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಭಕ್ತಿಯಿರುವವರಿಗೆ ಅದನ್ನು ತೋರಿಸಬಲ್ಲಿರಾ? ಹುಡುಗನಿಗೂ ಇದನ್ನೇ ಕೇಳಿದೆ. ಪ್ರತಿ ಮಂಗಳವಾರ ತಪ್ಪದೆ ಸಂತ ಅಂತೋಣಿಯವರಿಗೆ ಮೇಣದ ಬತ್ತಿ ಹಚ್ಚುವ ಅಜ್ಜಿಗೆ ಆಗಲೇ ತೋರಿಸಿದ್ದನಂತೆ.

‘ಅಜ್ಜಿ ಏನಂದರು?’

‘ನಕ್ಕರು ಸಾರ್. ಅವರು ಹುಡುಕಿಕೊಡೋದು ಕಳೆದದ್ದನ್ನ ಕಣೋ, ಓದದೇ ಬಿಟ್ಟದ್ದನ್ನಲ್ಲ ಅಂದರು.’