ಗ್ಲುಟೆನ್‌ರಹಿತ ಸ್ನಾನಸಾಮಗ್ರಿ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯನ್ನು ಕುರಿತು

ಗೋಧಿ, ಜವೆಗೋಧಿ, ರೈ ಎಂಬ ಮೂರು ಧಾನ್ಯಗಳಲ್ಲಿರುವ ಅಂಟುಗುಣದ ಸಸಾರಜನಕ ಪದಾರ್ಥಕ್ಕೆ ಗ್ಲುಟೆನ್ ಎಂದು ಹೆಸರು. ಸೀಲಿಯಾಕ್ ರೋಗವುಳ್ಳವರಲ್ಲಿ ಇದು ಸಣ್ಣಕರುಳಿನ ಒಳಪೊರೆಯನ್ನು ಕೆಡಿಸುತ್ತದೆ. ಗೋಧಿಯೇ ಈ ಕೇಡಿಗೆ ಕಾರಣವೆಂಬುದನ್ನು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ 1950ರ ತಮ್ಮ ಪ್ರೌಢಪ್ರಬಂಧದಲ್ಲಿ ಪ್ರತಿಪಾದಿಸಿದರು. ಜೀವಮಾನಪರ್ಯಂತ ಗ್ಲುಟೆನ್ನನ್ನು ವರ್ಜಿಸುವುದೇ ಇದಕ್ಕೆ ಚಿಕಿತ್ಸೆ. ರೋಗಿಯಿರುವ ಮನೆಯವರು ಊಟವನ್ನು ಬದಲಿಸಿಕೊಂಡ ಮೇಲೆ, ಸಾಬೂನು, ಹಲ್ಲುಪುಡಿ, ತಲೆಗೆ ಹಚ್ಚುವ ಪದಾರ್ಥಗಳ ವಿಷಯವೇನು ಎಂದು ಕೇಳುವುದು ಸಹಜ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ನಾವು ಇಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸುತ್ತೇವೆ.

ಗಾಯವಿಲ್ಲದ ಚರ್ಮದ ಮೂಲಕ ಗ್ಲುಟೆನ್ ದೇಹವನ್ನು ಸೇರಿ ಕರುಳನ್ನು ಕೆಡಿಸುವುದಿಲ್ಲ. ಬಾಯಿಯ ಮೂಲಕ ಒಳಹೋದುದೇ ಕೇಡು ಮಾಡುವುದು. ಆದಕಾರಣ ಹಲ್ಲುಪುಡಿ, ಬಾಯಿ ಮುಕ್ಕಳಿಸುವ ದ್ರವ, ತುಟಿಗೆ ಹಚ್ಚುವ ಬಣ್ಣ, ಬೆರಳು ಚೀಪುವ ಮಗುವಿನ ಕೈಗೆ ಹಚ್ಚಿದ ಲೇಪ ಇವುಗಳಲ್ಲಿ ಎಚ್ಚರ ಬೇಕು. ಗೋಧಿಯ ಅಲರ್ಜಿಯಾದರೋ ಬೇರೆಯೇ ವ್ಯಾಧಿ. ಜಪಾನಿನಲ್ಲಿ ಗೋಧಿಯ ವಿಭಜಿತ ಪ್ರೋಟೀನು ಬೆರೆತಿದ್ದ ಒಂದು ಮುಖದ ಸಾಬೂನಿನಿಂದ 2000ಕ್ಕೂ ಹೆಚ್ಚು ಮಂದಿಗೆ ಅಂತಹ ಅಲರ್ಜಿ ಹತ್ತಿ, 2011ರಲ್ಲಿ ಆ ಸಾಬೂನನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಬೇಕಾಯಿತು. ಈ ಎರಡನ್ನೂ ಒಂದೇ ಎಂದು ಎಣಿಸಿ ಅನಾವಶ್ಯಕವಾಗಿ ಹೆದರುವವರೂ ಉಂಟು, ಅನುಚಿತವಾಗಿ ನಿಶ್ಚಿಂತರಾಗುವವರೂ ಉಂಟು.

2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ ಸೀಲಿಯಾಕ್ ರೋಗವು ಉತ್ತರ ಭಾರತದ ವಯಸ್ಕರಲ್ಲಿ ಶೇಕಡ 1.23ರಷ್ಟೂ ದಕ್ಷಿಣದವರಲ್ಲಿ ಶೇಕಡ 0.10ರಷ್ಟೂ ಕಂಡುಬಂದಿತು. ನಮ್ಮಲ್ಲಿ ವಿರಳವಾದುದರಿಂದಲೇ ಸಣ್ಣ ಊರಿನ ಅಂಗಡಿಯಲ್ಲಿ ಗ್ಲುಟೆನ್ ವಿಚಾರ ಕೇಳಿದವನಿಗೆ ಉತ್ತರ ಸುಲಭವಾಗಿ ದೊರೆಯದು.

ಆದರೆ ಈ ಸೀಮೆಯ ಬೆಳೆಗಳ ಚರಿತ್ರೆ ರೋಗಿಗೆ ಅನುಕೂಲವಾಗಿಯೇ ಇದೆ. ಮೊಳಕಾಲ್ಮೂರಿನ ಉತ್ತರಕ್ಕೆ, ಬಳ್ಳಾರಿಯ ಬಳಿಯ ಸಂಗನಕಲ್ಲು ಮೊದಲಾದ ನವಶಿಲಾಯುಗದ ನೆಲೆಗಳ ಬೀಜಾವಶೇಷಗಳಲ್ಲಿ ಕೊರಲೆ, ಹುರುಳಿ, ಹೆಸರುಗಳದೇ ಪ್ರಾಧಾನ್ಯ. ಮಳೆ ಕಡಮೆಯಾದ ಈ ನಾಡಿನಲ್ಲಿ ರಾಗಿ, ನವಣೆ, ಶೇಂಗಾಗಳೇ ಮುಖ್ಯವಾದುವು. ಚಳ್ಳಕೆರೆ ಎಣ್ಣೆಯ ಗಿರಣಿಗಳಿಂದಲೇ ಹೆಸರಾಯಿತು. ಮೀಯಲು ಬಳಸುತ್ತಿದ್ದ ಸೀಗೆಕಾಯಿ, ಅಂಟುವಾಳ, ಕಡಲೆಹಿಟ್ಟು, ಹೆಸರುಹಿಟ್ಟು, ಹರಳೆಣ್ಣೆ, ಹಲ್ಲುಜ್ಜುವ ಬೇವಿನ ಕಡ್ಡಿ ಇವುಗಳಲ್ಲಿ ಒಂದರಲ್ಲಿಯೂ ಗ್ಲುಟೆನ್ ಇಲ್ಲ. ಎಣ್ಣೆಗೆ ಕ್ಷಾರ ಸೇರಿಸಿ ಮಾಡಿದ ಸಾದಾ ಸಾಬೂನಿನಲ್ಲಿಯೂ ಇಲ್ಲ. ಮೇಲಿಂದ ಬೆರೆಸಿದ ಪದಾರ್ಥಗಳಿಂದ ಮಾತ್ರ ಅದು ಬರಬಹುದು.

ಅಂಗಡಿಯ ವಸ್ತುವಾದರೆ ಲಕೋಟೆಯನ್ನು ಓದಬೇಕು. 2020ರ ಪ್ರಸಾಧನ ನಿಯಮಗಳಂತೆ ಘಟಕಗಳ ಪಟ್ಟಿಯನ್ನು ಮುದ್ರಿಸಬೇಕಾಗಿದೆ. ಅದರಲ್ಲಿ ಗೋಧಿಯು ಟ್ರಿಟಿಕಮ್ ಎಂದೂ ಜವೆಗೋಧಿಯು ಹಾರ್ಡಿಯಮ್ ಎಂದೂ ರೈ ಸೆಕೇಲ್ ಎಂದೂ ಲ್ಯಾಟಿನ್ ಹೆಸರಿನಿಂದ ಅಡಗಿರುವುದುಂಟು. ಕಿಲೋಗ್ರಾಮಿಗೆ 20 ಮಿಲಿಗ್ರಾಮ್ ಮೀರಬಾರದೆಂಬ ಗ್ಲುಟೆನ್‌ರಹಿತ ಮಿತಿಯು ಆಹಾರಕ್ಕೆ ಸೇರಿದುದು. ಸಾಬೂನಿಗೆ ಅದನ್ನು ಅನ್ವಯಿಸುವಂತಿಲ್ಲ. ಗಿಡಮೂಲಿಕೆಯಿಂದ ಮಾಡಿದುದೆಂಬ ಮಾತೂ ಪ್ರಮಾಣವಲ್ಲ. ಜವೆಗೋಧಿಯ ಸಾರವೂ ಗಿಡದಿಂದ ಬಂದುದೇ.

ನಮ್ಮ ಅಭಿಪ್ರಾಯದಲ್ಲಿ, ಈ ಭಾಗದಲ್ಲಿ ನಿಜವಾದ ತೊಡಕು ಅಂಗಡಿಯಲ್ಲಿ ಅಷ್ಟಾಗಿ ಇಲ್ಲ, ಹಿಟ್ಟಿನ ಗಿರಣಿಯಲ್ಲಿದೆ. ಖಾರಕ್ಕೂ ಸೀಗೆಕಾಯಿಗೂ ಬೇರೆ ಯಂತ್ರವಿರುವ ಕಡೆಯಲ್ಲಿಯೂ ಕಡಲೆಬೇಳೆ, ಹೆಸರು, ರಾಗಿಗಳನ್ನು ಗೋಧಿ ಬೀಸಿದ ಕಲ್ಲಿನಲ್ಲಿಯೇ ಬೀಸುವುದುಂಟು. ಹಿಂದಿನ ಗಿರಾಕಿಯ ಗೋಧಿಹಿಟ್ಟು ಕಲ್ಲಿನಲ್ಲಿ ಉಳಿದು ಮುಂದಿನವನ ಚೀಲಕ್ಕೆ ಬೀಳುತ್ತದೆ. ಆ ಹಿಟ್ಟಿನಿಂದ ಮುಖ ತೊಳೆದಾಗ ಒಂದಿಷ್ಟು ತುಟಿಗೆ ತಗುಲದೆ ಇರದು. ಅದೇ ಡಬ್ಬಿಯ ಹಿಟ್ಟು ಅಡಿಗೆಗೂ ಹೋದರೆ ಅಪಾಯ ಇನ್ನೂ ಹೆಚ್ಚು. ಮೊದಲು ತುಸು ಅಕ್ಕಿ ಹಾಕಿಸಿ ಆ ಹಿಟ್ಟನ್ನು ಬಿಡುವುದರಿಂದ ಉಳಿಕೆ ಕಡಮೆಯಾದೀತೇ ಹೊರತು ಪೂರ್ತಿ ಹೋಗುವುದೆಂದು ಹೇಳಲಾಗದು. ರೋಗಿಯಿರುವ ಮನೆಯವರು ಗೋಧಿ ಸೋಕದ ಬೀಸುವ ಕಲ್ಲನ್ನೋ ಒರಳನ್ನೋ ಪ್ರತ್ಯೇಕವಾಗಿಟ್ಟುಕೊಂಡು, ಮೈಗೆ ಬೇಕಾದ ಹಿಟ್ಟನ್ನು ವಾರಕ್ಕೆ ಸಾಲುವಷ್ಟು ಮನೆಯಲ್ಲಿಯೇ ಮಾಡಿಕೊಳ್ಳುವುದು ಲೇಸು.