ಅರವತ್ತಕ್ಕೆ ಅರಳು ಮರಳೇ? ಹಿರಿಯರ ಮಿದುಳಿನಲ್ಲಿ ಹೊಸ ನರಕೋಶಗಳು

“ಅರವತ್ತಕ್ಕೆ ಅರಳು ಮರಳು” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮನೆಯ ಹಿರಿಯರು ಕನ್ನಡಕವನ್ನು ಎಲ್ಲಿಟ್ಟೆನೆಂದು ಹುಡುಕುವಾಗ, ಹೇಳಿದ ಮಾತನ್ನೇ ಮತ್ತೊಮ್ಮೆ ಹೇಳುವಾಗ, ನಾವು ನಗುತ್ತ ಈ ಗಾದೆಯನ್ನು ಆಡಿ ಸುಮ್ಮನಾಗುತ್ತೇವೆ. ಕ್ರಮೇಣ ಅವರ ಕೈಗೆ ಲೆಕ್ಕಪತ್ರ ಕೊಡುವುದನ್ನು ಬಿಡುತ್ತೇವೆ. ಸಂತೆಗೆ ಕಳುಹಿಸುವುದನ್ನು ಬಿಡುತ್ತೇವೆ. “ನಿಮಗೇಕೆ ತೊಂದರೆ, ಕುಳಿತಿರಿ” ಎಂದು ಪಡಸಾಲೆಯ ಮೂಲೆಯಲ್ಲಿ ಕೂರಿಸುತ್ತೇವೆ. ಇದೆಲ್ಲವನ್ನೂ ಪ್ರೀತಿಯಿಂದಲೇ ಮಾಡುತ್ತೇವೆಂಬುದು ನಿಜ. ಆದರೆ ಈ ಪ್ರೀತಿಯ ಹಿಂದೆ ಒಂದು ನಂಬಿಕೆ ಅಡಗಿದೆ. ಮಿದುಳು ಯೌವನದೊಳಗಾಗಿಯೇ ಕಟ್ಟಿ ಮುಗಿದ ಮನೆ. ಆಮೇಲೆ ಅದಕ್ಕೆ ಶಿಥಿಲವಾಗುವುದೊಂದೇ ದಾರಿ ಎಂಬುದೇ ಆ ನಂಬಿಕೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಅನೇಕ ಮನೆಗಳಲ್ಲಿ ಮಕ್ಕಳು ದುಡಿಮೆಗಾಗಿ ದೂರದ ಊರುಗಳಿಗೆ ಹೋಗಿ, ವೃದ್ಧ ತಂದೆತಾಯಿಗಳು ಮಾತ್ರ ಊರಲ್ಲಿ ಉಳಿದಿದ್ದಾರೆ. ಆದುದರಿಂದ ಈ ನಂಬಿಕೆ ಎಷ್ಟರಮಟ್ಟಿಗೆ ಸತ್ಯವೆಂಬುದನ್ನು ವಿಚಾರಿಸುವುದು ಕೇವಲ ವಿಜ್ಞಾನಿಗಳ ಕೆಲಸವಲ್ಲ. ನಮ್ಮೆಲ್ಲರ ಮನೆಯ ಕೆಲಸವೂ ಹೌದು.

ಹಳೆಯ ನಂಬಿಕೆ, ಹೊಸ ಸಾಕ್ಷ್ಯ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನರಮಂಡಲದ ಅಧ್ಯಯನಕ್ಕೆ ತಳಹದಿ ಹಾಕಿದ ಸ್ಪೇನಿನ ರಾಮೋನ್ ಇ ಕಹಾಲ್ ಅವರು, ಬೆಳೆದ ಪ್ರಾಣಿಯ ಮಿದುಳಿನಲ್ಲಿ ನರಕೋಶಗಳು ಸಾಯಬಹುದೇ ಹೊರತು ಹೊಸದಾಗಿ ಹುಟ್ಟಲಾರವೆಂದು ಅಭಿಪ್ರಾಯಪಟ್ಟಿದ್ದರು. ಮುಂದಿನ ಅನೇಕ ದಶಕಗಳ ಕಾಲ ಅದೇ ಅಂತಿಮ ಮಾತಾಯಿತು.

೧೯೬೨ರಲ್ಲಿ ಅಮೆರಿಕದ ಜೋಸೆಫ್ ಆಲ್ಟ್‌ಮನ್ ಎಂಬ ವಿಜ್ಞಾನಿ ಇದನ್ನು ಪ್ರಶ್ನಿಸಿದರು. ಕೋಶವೊಂದು ಎರಡಾಗಿ ವಿಭಜನೆಗೊಳ್ಳುವಾಗ ತನ್ನ ಡಿ.ಎನ್.ಎ.ಯ ಇನ್ನೊಂದು ಪ್ರತಿಯನ್ನು ಕಟ್ಟಿಕೊಳ್ಳಬೇಕಾಗುತ್ತದೆ. ಆ ಕಟ್ಟುವಿಕೆಯಲ್ಲಿ ಬಳಕೆಯಾಗುವ ವಸ್ತುವಿಗೆ ವಿಕಿರಣದ ಗುರುತು ಹಾಕಿ ಇಲಿಗಳಿಗೆ ಕೊಟ್ಟರೆ, ಹೊಸದಾಗಿ ಹುಟ್ಟಿದ ಕೋಶಗಳಲ್ಲಿ ಮಾತ್ರ ಆ ಗುರುತು ಉಳಿಯುತ್ತದೆ. ಹೀಗೆ ಗುರುತಾದ ನರಕೋಶಗಳು ಬೆಳೆದ ಇಲಿಗಳ ಮಿದುಳಿನಲ್ಲಿ ಅವರಿಗೆ ಕಂಡವು. ೧೯೬೫ರಲ್ಲಿ ಗೋಪಾಲ ದಾಸ್ ಎಂಬ ಸಹೋದ್ಯೋಗಿಯೊಡನೆ ಅವರು ಇನ್ನಷ್ಟು ವಿವರವಾದ ಸಾಕ್ಷ್ಯವನ್ನು ಪ್ರಕಟಿಸಿದರು. ಆದರೂ ವಿದ್ವಲ್ಲೋಕ ಬಹುಕಾಲ ಅದನ್ನು ಗಮನಿಸಲಿಲ್ಲ. ಆಲ್ಟ್‌ಮನ್ ಅವರಿಗೆ ಸ್ಪೇನಿನ ಪ್ರತಿಷ್ಠಿತ ಪ್ರಿನ್ಸ್ ಆಫ್ ಆಸ್ಟೂರಿಯಸ್ ಪ್ರಶಸ್ತಿ ಸಂದದ್ದು ೨೦೧೧ರಲ್ಲಿ. ಆ ಹೊತ್ತಿಗೆ ಅರ್ಧ ಶತಮಾನವೇ ಕಳೆಯುತ್ತ ಬಂದಿತ್ತು.

ಜನರ ಮನಸ್ಸನ್ನು ತಿರುಗಿಸಿದವು ಹಕ್ಕಿಗಳು. ನಮ್ಮ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ ಇಂದು ರಾಮ್‌ಸರ್ ಪಟ್ಟಿಗೆ ಸೇರಿದ ಪಕ್ಷಿಧಾಮ. ಅಲ್ಲಿ ಹಕ್ಕಿಗಳು ಋತುವಿಗೆ ತಕ್ಕಂತೆ ಬಂದು, ಗೂಡು ಕಟ್ಟಿ, ಮರಿ ಮಾಡಿ ಹೋಗುವುದನ್ನು ನೋಡಿದವರಿಗೆ ಅವುಗಳ ಬದುಕು ಋತುಮಾನದೊಡನೆ ಎಷ್ಟು ಬದಲಾಗುತ್ತದೆಂಬುದು ತಿಳಿದಿದೆ. ಆ ಬದಲಾವಣೆ ಮಿದುಳಿನೊಳಗೂ ನಡೆಯುತ್ತದೆ! ಕೆನರಿ ಎಂಬ ಹಾಡುಹಕ್ಕಿಯ ಗಂಡು ವರ್ಷ ವರ್ಷವೂ ಹಾಡನ್ನು ಬದಲಿಸಿಕೊಳ್ಳುತ್ತದೆ. ಹಾಡಿಗೆ ಸಂಬಂಧಿಸಿದ ಅದರ ಮಿದುಳಿನ ಭಾಗದಲ್ಲಿ ಬೆಳೆದ ಮೇಲೂ ಹೊಸ ನರಕೋಶಗಳು ಸೇರುತ್ತವೆಂಬುದನ್ನು ಅಮೆರಿಕದ ಫರ್ನಾಂಡೊ ನೊಟ್ಟೆಬಾಮ್ ಮತ್ತು ಅವರ ಸಂಗಡಿಗರು ೧೯೮೦ರ ದಶಕದಲ್ಲಿ ತೋರಿಸಿಕೊಟ್ಟರು. ೧೯೯೨ರಲ್ಲಿ ಕೆನಡಾದ ರೆನಾಲ್ಡ್ಸ್ ಮತ್ತು ವೈಸ್ ಅವರು, ಬೆಳೆದ ಇಲಿಯ ಮಿದುಳಿನಿಂದ ಹೊಸ ನರಕೋಶಗಳಿಗೆ ಜನ್ಮ ಕೊಡಬಲ್ಲ ಮೂಲ ಕೋಶಗಳನ್ನೇ ಬೇರ್ಪಡಿಸಿ ಬೆಳೆಸಿದರು. ಅವೇ ನರ ಕಾಂಡಕೋಶಗಳು. ವೈದ್ಯರು ಸ್ಟೆಮ್ ಸೆಲ್ ಎನ್ನುವುದು ಇಂಥ ಕೋಶಗಳನ್ನೇ.

ಕಾಂಡಕೋಶದಿಂದ ನರಕೋಶದವರೆಗೆ

ನಮ್ಮ ಮಿದುಳಿನಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳಿವೆ. ಇವುಗಳಲ್ಲಿ ಬಹುಪಾಲು ನಾವು ಹುಟ್ಟುವ ಮೊದಲು ಇಲ್ಲವೆ ತೀರ ಎಳವೆಯಲ್ಲಿಯೇ ಹುಟ್ಟಿದವು. ಜೀವಮಾನವಿಡೀ ಅವೇ ಇರುತ್ತವೆ. ಹೊಸ ಕೋಶಗಳ ಹುಟ್ಟು ನಡೆಯುವುದು ತೀರ ಚಿಕ್ಕ ತಾಣದಲ್ಲಿ. ಎಡಬಲ ಕಿವಿಗಳ ಒಳಭಾಗದ ನೇರಕ್ಕೆ, ಮಿದುಳಿನ ಆಳದಲ್ಲಿ, ಕಡಲ್ಗುದುರೆಯ ಆಕಾರದ ಹಿಪ್ಪೊಕ್ಯಾಂಪಸ್ ಎಂಬ ಭಾಗವಿದೆ. ದಿನದಿನದ ಅನುಭವವನ್ನು ನೆನಪಾಗಿ ಮಾರ್ಪಡಿಸುವ ಕಾರ್ಯ ಇದರದು. ಇದರ ಒಂದು ಅಂಚಿನಲ್ಲಿ ಕಾಂಡಕೋಶಗಳು ನೆಲೆಸಿವೆ.

ನಮ್ಮ ಬಯಲುಸೀಮೆಯ ಜೋಳದ ಹೊಲವನ್ನು ನೆನೆದರೆ ಈ ಕೋಶಗಳ ನಡೆ ಸುಲಭವಾಗಿ ಅರ್ಥವಾಗುತ್ತದೆ. ಕಾಂಡಕೋಶವು ಹಗೇವಿನಲ್ಲಿಟ್ಟ ಬೀಜದಂತೆ ಬಹುಕಾಲ ನಿದ್ರಿಸುತ್ತಿರುತ್ತದೆ. ಪಕ್ಕದ ರಕ್ತನಾಳಗಳಿಂದಲೂ ನೆರೆಯ ಕೋಶಗಳಿಂದಲೂ ಸಂಕೇತ ಬಂದಾಗ ಎಚ್ಚೆತ್ತು ವಿಭಜನೆಗೊಳ್ಳುತ್ತದೆ. ಹೀಗೆ ಹುಟ್ಟಿದ ಎರಡರಲ್ಲಿ ಒಂದು ಸಾಮಾನ್ಯವಾಗಿ ಕಾಂಡಕೋಶವಾಗಿಯೇ ಉಳಿಯುತ್ತದೆ; ಅದು ಮುಂದಿನ ಬಿತ್ತನೆಗೆ ಇಟ್ಟ ಬೀಜ. ಇನ್ನೊಂದು ಕೆಲವು ಬಾರಿ ವಿಭಜನೆಗೊಂಡು ಎಳೆಯ ನರಕೋಶಗಳ ಗುಂಪನ್ನು ಕೊಡುತ್ತದೆ.

ಆದರೆ ಮೊಳೆತದ್ದೆಲ್ಲ ತೆನೆಯಾಗುವುದಿಲ್ಲ. ಇಲಿಗಳಲ್ಲಿ ಹೀಗೆ ಹುಟ್ಟಿದ ಎಳೆಯ ಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲವೇ ವಾರಗಳಲ್ಲಿ ಸತ್ತುಹೋಗುತ್ತವೆ. ಉಳಿದವು ಸ್ವಲ್ಪ ದೂರ ಸರಿದು, ಒಂದು ಕಡೆಗೆ ಸುದ್ದಿ ತರುವ ಕವಲುಗಳನ್ನೂ ಇನ್ನೊಂದು ಕಡೆಗೆ ಸುದ್ದಿ ಒಯ್ಯುವ ಉದ್ದನೆಯ ಎಳೆಯನ್ನೂ ಚಾಚಿ, ಹಳೆಯ ನರಕೋಶಗಳೊಡನೆ ನಂಟು ಬೆಳೆಸುತ್ತವೆ. ಇದಕ್ಕೆ ಇಲಿಗಳಲ್ಲಿ ಒಂದೆರಡು ತಿಂಗಳು ಸಾಕು. ಮಂಗಗಳಲ್ಲಿ ಇನ್ನೂ ದೀರ್ಘಕಾಲ ಬೇಕು. ಯಾವ ಕೋಶಕ್ಕೆ ಕೆಲಸ ದೊರೆಯುತ್ತದೆಯೋ, ಹೊಸ ಕಲಿಕೆಯಲ್ಲಿ ಯಾವುದು ತೊಡಗುತ್ತದೆಯೋ, ಅದು ಉಳಿಯುವ ಸಂಭವ ಹೆಚ್ಚು. ಕಾಯಕವಿಲ್ಲದ ಕೋಶಕ್ಕೆ ಮಿದುಳಿನಲ್ಲಿ ನೆಲೆಯಿಲ್ಲವೆಂದರೆ ತಪ್ಪಾಗಲಾರದು.

ಈ ಹೊಸ ಕೋಶಗಳಿಂದ ಪ್ರಯೋಜನವೇನು? ಒಂದಕ್ಕೊಂದು ಹೋಲುವ ಅನುಭವಗಳನ್ನು ಬೇರೆ ಬೇರೆಯಾಗಿ ನೆನಪಿಡಲು ಇವು ನೆರವಾಗುತ್ತವೆಂದು ಇಲಿಗಳ ಮೇಲಿನ ಪ್ರಯೋಗಗಳು ಸೂಚಿಸಿವೆ. ಹೋದ ವಾರದ ಸಂತೆಯಲ್ಲಿ ಕೊಂಡದ್ದೇನು, ಈ ವಾರ ಕೊಂಡದ್ದೇನು. ಬೆಳಗಿನ ಗುಳಿಗೆ ನುಂಗಿದ್ದು ಇಂದೋ ನಿನ್ನೆಯೋ? ಹಿರಿಯರು ತೊಡಕಿಗೆ ಸಿಲುಕುವುದು ಇಂಥ ಪ್ರಶ್ನೆಗಳಲ್ಲಿಯೇ ಅಲ್ಲವೆ?

ಮನುಷ್ಯನಲ್ಲಿಯೂ ಉಂಟೇ?

೧೯೯೮ರಲ್ಲಿ ಸ್ವೀಡನ್ನಿನ ಪೀಟರ್ ಎರಿಕ್‌ಸನ್ ಮತ್ತು ಅಮೆರಿಕದ ಫ್ರೆಡ್ ಗೇಜ್ ಅವರ ತಂಡಗಳು ಒಂದು ಅಪೂರ್ವ ಸಾಕ್ಷ್ಯವನ್ನು ಮುಂದಿಟ್ಟವು. ಕ್ಯಾನ್ಸರ್ ಚಿಕಿತ್ಸೆಯ ಅಂಗವಾಗಿ ಕೋಶ ವಿಭಜನೆಯನ್ನು ಗುರುತಿಸುವ ವಸ್ತುವನ್ನು ಪಡೆದಿದ್ದ ಐದು ರೋಗಿಗಳ ಮಿದುಳನ್ನು ಅವರ ಮರಣಾನಂತರ ಪರೀಕ್ಷಿಸಿದಾಗ, ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳು ಕಂಡವು. ಆ ರೋಗಿಗಳು ೫೭ರಿಂದ ೭೨ ವರ್ಷ ವಯಸ್ಸಿನವರು. ೨೦೧೩ರಲ್ಲಿ ಸ್ವೀಡನ್ನಿನ ಯೋನಾಸ್ ಫ್ರಿಸೆನ್ ಅವರ ತಂಡ, ಶೀತಲ ಸಮರದ ಕಾಲದ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣಕ್ಕೆ ಸೇರಿದ್ದ ಇಂಗಾಲ-೧೪ರ ಪ್ರಮಾಣವನ್ನು ಕೋಶಗಳ ಡಿ.ಎನ್.ಎ.ಯಲ್ಲಿ ಅಳೆದು ಅವುಗಳ ವಯಸ್ಸನ್ನು ಲೆಕ್ಕಹಾಕಿತು. ಒಂದೊಂದು ಹಿಪ್ಪೊಕ್ಯಾಂಪಸ್‌ಗೂ ದಿನಕ್ಕೆ ಸುಮಾರು ೭೦೦ ಹೊಸ ನರಕೋಶಗಳು ಸೇರುತ್ತವೆಂಬುದು ಆ ತಂಡದ ಅಂದಾಜು.

ಎಲ್ಲರೂ ಇದನ್ನು ಒಪ್ಪಿಬಿಟ್ಟರೆಂದು ಭಾವಿಸಬಾರದು. ೨೦೧೮ರಲ್ಲಿ ಕ್ಯಾಲಿಫೋರ್ನಿಯದ ತಂಡವೊಂದು, ವಯಸ್ಕರ ಮಿದುಳಿನಲ್ಲಿ ಎಳೆಯ ನರಕೋಶಗಳು ಕಾಣುವುದೇ ಇಲ್ಲವೆಂದು ವರದಿ ಮಾಡಿತು. ಮರಣಾನಂತರ ಮಿದುಳನ್ನು ಎಷ್ಟು ಬೇಗ, ಯಾವ ವಿಧಾನದಿಂದ ಕಾಪಿಟ್ಟರೆಂಬುದರ ಮೇಲೆ ಫಲಿತಾಂಶ ಬದಲಾಗುತ್ತದೆಂದು ಇತರರು ವಾದಿಸಿದರು. ೨೦೧೯ರಲ್ಲಿ ಮ್ಯಾಡ್ರಿಡ್‌ನ ತಂಡವು, ಎಂಬತ್ತು ದಾಟಿದವರಲ್ಲಿಯೂ ಎಳೆಯ ಕೋಶಗಳನ್ನು ಕಂಡುದಾಗಿಯೂ, ಅಲ್‌ಝೈಮರ್ ರೋಗಿಗಳಲ್ಲಿ ಅವು ತೀವ್ರವಾಗಿ ಇಳಿದಿದ್ದುದಾಗಿಯೂ ತಿಳಿಸಿತು. ೨೦೨೫ರಲ್ಲಿ ಫ್ರಿಸೆನ್ ಅವರ ತಂಡವು, ವಯಸ್ಕರಲ್ಲಿ ವಿಭಜನೆಗೊಳ್ಳುತ್ತಿರುವ ಮೂಲ ಕೋಶಗಳನ್ನೇ ಗುರುತಿಸಿತು. ಜೊತೆಗೆ, ವ್ಯಕ್ತಿಯಿಂದ ವ್ಯಕ್ತಿಗೆ ಅವುಗಳ ಸಂಖ್ಯೆಯಲ್ಲಿ ಬಹಳ ವ್ಯತ್ಯಾಸವಿದೆಯೆಂದೂ ಹೇಳಿತು. ಚರ್ಚೆ ಇನ್ನೂ ಪೂರ್ಣವಾಗಿ ಮುಗಿದಿಲ್ಲ. ಆದರೆ ಮಿದುಳು ಕಟ್ಟಿ ಮುಗಿದ ಮನೆಯೆಂಬ ಮಾತಿಗೆ ಇಂದು ಮೊದಲಿನ ಬಲವಿಲ್ಲ.

ಈ ಎಲ್ಲ ತಿಳಿವಳಿಕೆಯೂ ಮರಣಾನಂತರ ಮಿದುಳನ್ನು ವಿಜ್ಞಾನಕ್ಕೆ ಒಪ್ಪಿಸಿದವರ ಕೊಡುಗೆಯೆಂಬುದನ್ನು ನಾವು ಮರೆಯಬಾರದು. ಇಂಥ ದಾನವನ್ನು ಸ್ವೀಕರಿಸಿ ಕಾಪಿಡುವ ಮಿದುಳು ಬ್ಯಾಂಕ್ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ೧೯೯೫ರಿಂದಲೂ ಇದೆ. ಮಿದುಳನ್ನಷ್ಟೇ ಪಡೆದು, ಅಂತ್ಯಕ್ರಿಯೆಗಾಗಿ ದೇಹವನ್ನು ಮನೆಯವರಿಗೆ ಒಪ್ಪಿಸುವುದು ಮಿದುಳು ದಾನದ ಪದ್ಧತಿ. ಸಮಾಧಿ ಕ್ರಿಯೆಗೆ ಅಡ್ಡಿಯಾದೀತೆಂದು ಹಿಂಜರಿಯುವ ಕುಟುಂಬಗಳು ಇದನ್ನು ತಿಳಿದಿರಬೇಕು.

ನಡಿಗೆ, ಸಂಗ, ಕೆಲಸ

ಅದೇ ನಿಮ್ಹಾನ್ಸ್‌ನ ಸಂಶೋಧಕರು ೨೦೧೬ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಮ್ಮ ಮನೆಗಳಿಗೆ ಬಹು ಹತ್ತಿರವಾದುದು. ಖಿನ್ನತೆಯ ಲಕ್ಷಣಗಳುಳ್ಳ ಇಲಿಗಳಲ್ಲಿ ಕಲಿಕೆ ಕುಂಠಿತವಾಗಿತ್ತು. ಅವುಗಳನ್ನು ಹೊಸ ಹೊಸ ವಸ್ತುಗಳೂ ಜೊತೆಗಾರರೂ ಇರುವ ಸಮೃದ್ಧ ಪರಿಸರದಲ್ಲಿ ಇರಿಸಿದಾಗ, ಕಲಿಕೆ ಚೇತರಿಸಿತು. ಚಕ್ರದ ಮೇಲೆ ಓಡುವ ಇಲಿಗಳಲ್ಲಿ ಹೊಸ ಕೋಶಗಳು ಹೆಚ್ಚುತ್ತವೆಂಬುದು ೧೯೯೯ರಲ್ಲಿಯೇ ತಿಳಿದಿತ್ತು. ಇದಕ್ಕೆ ವಿರುದ್ಧವಾಗಿ, ದೀರ್ಘಕಾಲದ ಚಿಂತೆ ಹಾಗೂ ಏಕಾಂತ ಈ ಹುಟ್ಟನ್ನು ತಗ್ಗಿಸುತ್ತವೆ.

ಇಲಿಯ ಮಾತನ್ನು ಮನುಷ್ಯನಿಗೆ ನೇರವಾಗಿ ಅನ್ವಯಿಸಲಾಗದು. ಆದರೆ ೨೦೧೧ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ೧೨೦ ಮಂದಿ ಹಿರಿಯರು ಭಾಗವಹಿಸಿದ್ದರು. ಅವರಲ್ಲಿ ಒಂದು ವರ್ಷ ಕ್ರಮವಾಗಿ ನಡಿಗೆ ಮಾಡಿದವರ ಹಿಪ್ಪೊಕ್ಯಾಂಪಸ್‌ನ ಗಾತ್ರ ಸುಮಾರು ಶೇಕಡ ೨ರಷ್ಟು ಹೆಚ್ಚಿತ್ತು. ಕೇವಲ ಮೈ ಸಡಿಲಿಸುವ ವ್ಯಾಯಾಮ ಮಾಡಿದವರಲ್ಲಿ ಅದು ಕುಗ್ಗಿತ್ತು. ಈ ಹೆಚ್ಚಳ ಹೊಸ ನರಕೋಶಗಳಿಂದಲೇ ಆಯಿತೆಂದು ಹೇಳಲಾಗದು. ರಕ್ತನಾಳಗಳೂ ನರಕೋಶಗಳ ನಂಟುಗಳೂ ಬೆಳೆದಿರಬಹುದು. ಅವರು ನಡೆದದ್ದು ವಾರಕ್ಕೆ ಮೂರು ದಿನ, ದಿನಕ್ಕೆ ಸುಮಾರು ನಲವತ್ತು ನಿಮಿಷ ಮಾತ್ರ!

ಮಾಘ ಮಾಸದಲ್ಲಿ ಕೊಟ್ಟೂರು ಗುರು ಬಸವೇಶ್ವರರ ರಥೋತ್ಸವಕ್ಕೆ ಪಾದಯಾತ್ರೆಯಲ್ಲಿ ಬರುವ ಭಕ್ತರ ಸಾಲನ್ನು ನಾವೆಲ್ಲ ಕಂಡಿದ್ದೇವೆ. ನಡಿಗೆ, ಜೊತೆಗಾರರು, ಹೊಸ ದಾರಿ, ದಾಸೋಹದ ಮನೆಗಳಲ್ಲಿ ಹೊಸ ಮುಖಗಳು: ಮಿದುಳಿಗೆ ಬೇಕಾದುದೆಲ್ಲ ಅಲ್ಲಿದೆ. ಆದರೆ ಅದು ವರ್ಷಕ್ಕೊಮ್ಮೆ. ಉಳಿದ ದಿನಗಳಲ್ಲಿ ಊರ ಗುಡಿಯವರೆಗೆ, ಹೊಲದ ಬದುವಿನವರೆಗೆ ನಡೆದಾಡುವ ಅವಕಾಶವನ್ನು ಹಿರಿಯರಿಂದ ಕಸಿಯಬಾರದು.

ಎಚ್ಚರದ ಎರಡು ಮಾತು

ಮೊದಲನೆಯದು: ಸ್ಟೆಮ್ ಸೆಲ್ ಎಂಬ ಹೆಸರು ಹೇಳಿ, ಮರೆವನ್ನೂ ಪಾರ್ಶ್ವವಾಯುವನ್ನೂ ಗುಣಪಡಿಸುವೆವೆಂದು ಲಕ್ಷಗಟ್ಟಲೆ ಹಣ ಕೇಳುವವರಿದ್ದಾರೆ. ರಕ್ತದ ಕೆಲವು ಕಾಯಿಲೆಗಳಂಥವಕ್ಕೆ ಮಾಡುವ ರಕ್ತ ಕಾಂಡಕೋಶಗಳ ಕಸಿಯ ಹೊರತು, ಅನುಮತಿ ಪಡೆದ ಪ್ರಯೋಗದ ಆಚೆಗೆ ಕಾಂಡಕೋಶ ಚಿಕಿತ್ಸೆ ಸಲ್ಲದೆಂದು ೨೦೧೭ರ ರಾಷ್ಟ್ರೀಯ ಮಾರ್ಗಸೂಚಿ ಸ್ಪಷ್ಟಪಡಿಸಿದೆ. ಪ್ರಯೋಗದಲ್ಲಿ ಭಾಗವಹಿಸುವವರಿಂದ ಹಣ ಕೇಳುವಂತೆಯೂ ಇಲ್ಲ. ಹೊಲ ಮಾರಿ ಸೂಜಿಮದ್ದು ಹಾಕಿಸುವ ಮೊದಲು ಇದನ್ನು ನೆನೆಯಿರಿ.

ಎರಡನೆಯದು: ಎಲ್ಲ ಮರೆವೂ ವಯಸ್ಸಿನ ಮರೆವಲ್ಲ. ಥೈರಾಯ್ಡ್ ತೊಂದರೆ, ಬಿ-೧೨ ಜೀವಸತ್ವದ ಕೊರತೆ, ಕಿವುಡುತನ, ಖಿನ್ನತೆ, ಕೆಲವು ಔಷಧಿಗಳು ಸಹ ಹಿರಿಯರನ್ನು ಮಂಕಾಗಿಸುತ್ತವೆ. ಇವುಗಳಲ್ಲಿ ಹೆಚ್ಚಿನವಕ್ಕೆ ಚಿಕಿತ್ಸೆಯುಂಟು. ಗಾದೆ ಹೇಳಿ ಸುಮ್ಮನಾಗುವ ಬದಲು ವೈದ್ಯರಿಗೆ ತೋರಿಸುವುದು ಮಕ್ಕಳ ಕರ್ತವ್ಯ. ಮನಸ್ಸಿನ ಬೇಗುದಿಗೆ ಸಲಹೆ ಬೇಕಾದರೆ ಟೆಲಿ-ಮಾನಸ್ ಸಹಾಯವಾಣಿ ೧೪೪೧೬ಕ್ಕೆ ಕನ್ನಡದಲ್ಲಿಯೇ ಮಾತನಾಡಬಹುದು.

ಅಜ್ಜನಿಗೆ ಸಂತೆಯ ಚೀಟಿಯನ್ನು ಮರಳಿ ಕೊಡಿ; ತಪ್ಪಿದರೆ ತಪ್ಪಲಿ. ಮೊಮ್ಮಗಳು ಮೊಬೈಲಿನಲ್ಲಿ ದೂರದ ಮಗನ ಮುಖ ಕಾಣಿಸುವ ಬಗೆಯನ್ನು ಅಜ್ಜಿಗೆ ಕಲಿಸಲಿ. ಒಮ್ಮೆಗೆ ಬಾರದಿದ್ದರೆ ಹತ್ತನೆಯ ಸಲಕ್ಕೆ ಬಂದೀತು. ಮಿದುಳಿನ ಆ ಪುಟ್ಟ ಹೊಲದಲ್ಲಿ ಬಿತ್ತನೆ ಬಹುಶಃ ಕೊನೆಯವರೆಗೂ ನಡೆಯುತ್ತಲೇ ಇರುತ್ತದೆ. ಮೊಳೆತದ್ದಕ್ಕೆ ಕೆಲಸವನ್ನೂ ಸಂಗವನ್ನೂ ಒದಗಿಸುವುದು ಮನೆಯವರ ಕೈಯಲ್ಲಿದೆ.